ಸ್ಕೀ ಕೊಳ್ಳುವ ಮುನ್ನ: ಮೊದಲು ಬೂಟು, ಆಮೇಲೆ ಹಿಮ, ಕೊನೆಗೆ ಹಲಗೆ

ನಾನು ಮೊದಲು ಕೊಂಡ ಸ್ಕೀಯ ಉದ್ದ 182 ಸೆಂಟಿಮೀಟರ್. ನನ್ನ ಎತ್ತರ 171. ಮ್ಯೂನಿಕ್‌ಗೆ ಬಂದ ಎರಡನೆಯ ವರ್ಷದ ಅಕ್ಟೋಬರ್‌ನಲ್ಲಿ, ಚಳಿಗಾಲಕ್ಕೆ ಮುನ್ನ ಇಲ್ಲಿ ಅಲ್ಲಲ್ಲಿ ನಡೆಯುವ ಹಳೆಯ ಸ್ಕೀಗಳ ಸಂತೆಯೊಂದರಲ್ಲಿ ಅದು ಕಣ್ಣಿಗೆ ಬಿತ್ತು. ಕೆಂಪು ಬಣ್ಣ, ಹೆಸರಾಂತ ಕಂಪನಿ, ಹೊಸದರ ಕಾಲು ಭಾಗ ಬೆಲೆ. ಮಾರುತ್ತಿದ್ದವರು ‘ಒಳ್ಳೆಯ ಸ್ಕೀ’ ಎಂದರು. ಅದು ಸುಳ್ಳಾಗಿರಲಿಲ್ಲ. ಬಲವಾದ ಕಾಲಿನ, ವೇಗವಾಗಿ ದೊಡ್ಡ ತಿರುವು ಹಾಕುತ್ತ ಇಳಿಯುವವರಿಗೆ ಅದು ನಿಜಕ್ಕೂ ಒಳ್ಳೆಯದೇ. ಇಳಿಜಾರಿನಲ್ಲಿ ನಿಲ್ಲುವುದನ್ನು ಆಗಷ್ಟೇ ಕಲಿತಿದ್ದ ನನಗೆ ಮಾತ್ರ ಅದು ತಿರುಗಲೇ ಇಲ್ಲ. ಇಡೀ ಚಳಿಗಾಲ ಬಿದ್ದೆ, ಎದ್ದೆ, ಈ ವಯಸ್ಸಿನಲ್ಲಿ ಇದು ನನಗೆ ಬರುವ ವಿದ್ಯೆಯಲ್ಲ ಎಂದು ತೀರ್ಮಾನಿಸಿದೆ. ಮರುವರ್ಷ ಸ್ನೇಹಿತರ ಒತ್ತಾಯಕ್ಕೆ 158 ಸೆಂ.ಮೀ. ಉದ್ದದ ಮೆತ್ತನೆಯ ಬಾಡಿಗೆ ಸ್ಕೀ ತೊಟ್ಟು ಲೆಂಗ್ರೀಸ್ ಊರಿನ ಬ್ರೌನೆಕ್ ಬೆಟ್ಟ ಹತ್ತಿದೆ. ಎಡಕ್ಕೆ ಒಂದು, ಬಲಕ್ಕೆ ಒಂದು, ಹೀಗೆ ಏಳೆಂಟು ತಿರುವು ಹಾಕಿ ಕೆಳಗೆ ಬಂದು ನಿಂತಾಗ ಕಣ್ಣು ತುಂಬಿ ಬಂತು. ಕಾಲು ಅದೇ, ಬೆಟ್ಟ ಅದೇ. ಬದಲಾದದ್ದು ಕಾಲಡಿಯ ಹಲಗೆ.

ನನಗೆ ಹೋದ ಆ ಒಂದು ವರ್ಷ ನಿಮಗೆ ಹೋಗದಿರಲಿ ಎಂಬುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ಮುಂದೆಂದೋ ಆಗಲಿರುವ ಸ್ಕೀಪಟುವಿಗೆ ಸ್ಕೀ ಕೊಳ್ಳಬೇಡಿ. ಇವತ್ತು ನೀವು ಹೇಗೆ ಇಳಿಯುತ್ತೀರಿ, ಯಾವ ಹಿಮದ ಮೇಲೆ ಇಳಿಯುತ್ತೀರಿ, ಅದಕ್ಕೆ ತಕ್ಕದ್ದನ್ನು ಕೊಳ್ಳಿ. ಕೆಳಗಿನ ಲೆಕ್ಕಾಚಾರವೆಲ್ಲ ಇಷ್ಟರ ಮೇಲೆಯೇ ನಿಂತಿದೆ.

ಇಲ್ಲಿ ಹೇಳುತ್ತಿರುವುದು ಆಲ್ಪೈನ್ ಸ್ಕೀಯ ಬಗ್ಗೆ. ಅಂದರೆ ಬೂಟಿನ ಮುಂತುದಿಯೂ ಹಿಮ್ಮಡಿಯೂ ಹಲಗೆಗೆ ಬಿಗಿಯಾಗಿ ಕಚ್ಚಿಕೊಂಡು, ಕೇಬಲ್ ಕಾರಿನಲ್ಲಿ ಮೇಲೆ ಹೋಗಿ ಕೆಳಗೆ ಇಳಿಯುವ ಬಗೆ. ಗುಲ್ಮಾರ್ಗ್ ಸೀಮೆಯ ಆರಿಫ್ ಖಾನ್ 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಭಾರತದ ಪರವಾಗಿ ಇಳಿದದ್ದು ಇದರಲ್ಲಿ. ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಸ್ಪರ್ಧಿಸುವುದು ಕ್ರಾಸ್-ಕಂಟ್ರಿ ಸ್ಕೀಯಿಂಗ್‌ನಲ್ಲಿ. ಅದರ ಸ್ಕೀ ಸಪೂರ, ಹಗುರ, ಹಿಮ್ಮಡಿ ಎತ್ತಲು ಬಿಡುವಂಥದ್ದು. ಅದನ್ನು ಆರಿಸುವ ಲೆಕ್ಕವೇ ಬೇರೆ.

ಮೊದಲು ಬಾಡಿಗೆ

ವರ್ಷಕ್ಕೆ ಏಳೆಂಟು ದಿನಕ್ಕಿಂತ ಕಡಿಮೆ ಹೋಗುವವರು ಸ್ಕೀ ಕೊಳ್ಳುವ ಅಗತ್ಯವಿಲ್ಲ ಎಂಬುದು ನನ್ನ ಅಭಿಪ್ರಾಯ. ದುಡ್ಡಿನ ಲೆಕ್ಕಕ್ಕಷ್ಟೇ ಹೇಳುತ್ತಿಲ್ಲ. ಮೊದಲ ಹದಿನೈದು ಇಪ್ಪತ್ತು ದಿನಗಳಲ್ಲಿ ಕಲಿಯುವವರ ಅಗತ್ಯ ಬೇಗ ಬೇಗ ಬದಲಾಗುತ್ತದೆ. ಜನವರಿಯಲ್ಲಿ ಹಿತವಾಗಿದ್ದ ಸ್ಕೀ ಮಾರ್ಚ್ ಹೊತ್ತಿಗೆ ಗಿಡ್ಡವೆನಿಸಬಹುದು. ಬಾಡಿಗೆಯದಾದರೆ ಅಂಗಡಿಗೆ ಹೋಗಿ ಬದಲಿಸಿಕೊಂಡು ಬಂದರಾಯಿತು. ಬೆಂಗಳೂರಿನಿಂದ ಗುಲ್ಮಾರ್ಗ್‌ಗೋ ಔಲಿಗೋ ವರ್ಷಕ್ಕೊಂದು ವಾರ ಹೋಗಿಬರುವವರಂತೂ ಉದ್ದನೆಯ ಚೀಲವನ್ನು ವಿಮಾನದಲ್ಲಿ ಸಾಗಿಸುವ ಗೋಜಿಗೆ ಹೋಗದೆ ಅಲ್ಲಿಯೇ ಬಾಡಿಗೆಗೆ ಪಡೆಯುವುದು ಒಳ್ಳೆಯದು.

ಬಾಡಿಗೆಗೆ ಪಡೆದಾಗಲೆಲ್ಲ ಒಂದು ಕೆಲಸ ತಪ್ಪದೆ ಮಾಡಿ. ಸ್ಕೀಯ ಮೇಲೆ, ಸಾಮಾನ್ಯವಾಗಿ ಹಿಂತುದಿಯ ಹತ್ತಿರ, ಅಂಕಿಗಳು ಅಚ್ಚಾಗಿರುತ್ತವೆ. ಅವುಗಳ ಫೋಟೊ ತೆಗೆದಿಟ್ಟುಕೊಳ್ಳಿ. ಸಂಜೆ ಅದರ ಕೆಳಗೆ ಎರಡು ಸಾಲು ಬರೆಯಿರಿ: ಸುಲಭವಾಗಿ ತಿರುಗಿತೇ? ಗಟ್ಟಿ ಹಿಮದಲ್ಲಿ ಜಾರಿತೇ? ಮಧ್ಯಾಹ್ನದ ಹೊತ್ತಿಗೆ ತೊಡೆ ಸೋತಿತೇ? ನಾಲ್ಕೈದು ಜೋಡಿಗಳ ಇಂಥ ಟಿಪ್ಪಣಿ ಕೈಯಲ್ಲಿದ್ದರೆ ಅಂಗಡಿಯವರ ಮುಂದೆ ನೀವು ಬೇರೆಯೇ ಗಿರಾಕಿ.

ದುಡ್ಡು ಮೊದಲು ಬೂಟಿಗೆ

ಸ್ಕೀ ಕೊಳ್ಳಬೇಕೆಂದು ಕೂಡಿಟ್ಟ ಹಣದಲ್ಲಿ ಮೊದಲು ಬೂಟು ಕೊಳ್ಳಿ. ಉಳಿದರೆ ಸ್ಕೀ. ಉಳಿಯದಿದ್ದರೆ ಈ ವರ್ಷವೂ ಬಾಡಿಗೆ ಸ್ಕೀ. ನೀವು ಮೊಣಕಾಲು ಬಾಗಿಸಿದ್ದು, ಪಾದ ಓರೆ ಮಾಡಿದ್ದು, ಎಲ್ಲವೂ ಹಲಗೆಗೆ ತಲುಪುವುದು ಬೂಟಿನ ಮೂಲಕ. ಒಳಗೆ ಪಾದ ಅಲ್ಲಾಡಿದರೆ ಎಷ್ಟೇ ಬೆಲೆಬಾಳುವ ಸ್ಕೀಯೂ ನಿಮ್ಮ ಮಾತು ಕೇಳುವುದಿಲ್ಲ.

ಬೂಟಿನ ಅಳತೆ ಹೇಳುವ ಸಂಖ್ಯೆ ನಿಮ್ಮ ಪಾದದ ಉದ್ದ, ಸೆಂಟಿಮೀಟರಿನಲ್ಲಿ. ಪಾದ 26.5 ಸೆಂ.ಮೀ. ಇದ್ದರೆ ಬೂಟೂ 26.5. ಅಂಗಡಿಯಲ್ಲಿ ಕಾಲಿಟ್ಟ ಕೂಡಲೇ ಬಿಗಿ ಎನಿಸಿ ನಮ್ಮವರು ಒಂದು ಅಳತೆ ದೊಡ್ಡದನ್ನು ಕೇಳುತ್ತಾರೆ. ದಯವಿಟ್ಟು ಕೇಳಬೇಡಿ. ಒಳಗಿನ ಮೆತ್ತೆ ನಾಲ್ಕಾರು ದಿನಗಳಲ್ಲಿ ಒತ್ತಿಕೊಂಡು ಜಾಗ ಬಿಡುತ್ತದೆ. ಪರೀಕ್ಷೆ ಹೀಗೆ ಮಾಡಿ: ಆ ಮೆತ್ತೆಯನ್ನು ಹೊರಗೆ ತೆಗೆದು, ಬರಿಯ ಪ್ಲಾಸ್ಟಿಕ್ ಚಿಪ್ಪಿನೊಳಗೆ ಬರಿಗಾಲು ಇಡಿ. ಬೆರಳ ತುದಿ ಮುಂದೆ ಸೋಕುವ ತನಕ ಪಾದ ಸರಿಸಿ. ಆಗ ಹಿಮ್ಮಡಿಯ ಹಿಂದೆ ಒಂದರಿಂದ ಎರಡು ಸೆಂಟಿಮೀಟರ್, ಅಂದರೆ ಒಂದು ಬೆರಳು ಹಿಡಿದು ಮತ್ತಷ್ಟು ಜಾಗ ಇರಬೇಕು. ಆಮೇಲೆ ಮೆತ್ತೆ ಹಾಕಿ, ಒಂದೇ ಒಂದು ತೆಳು ಕಾಲುಚೀಲದ ಮೇಲೆ ತೊಟ್ಟು, ಬಕಲ್ ಬಿಗಿದು ನೆಟ್ಟಗೆ ನಿಂತರೆ ಬೆರಳು ಮುಂದೆ ಮುಟ್ಟುತ್ತದೆ. ಮೊಣಕಾಲು ಬಾಗಿಸಿದರೆ ಬೆರಳು ಹಿಂದೆ ಸರಿದು ಹಿಮ್ಮಡಿ ಗೂಡಿನಲ್ಲಿ ಕೂರುತ್ತದೆ. ಹೀಗಾದರೆ ಅದು ನಿಮ್ಮ ಬೂಟು. ಅಂಗಡಿಯಲ್ಲಿಯೇ ಇಪ್ಪತ್ತು ನಿಮಿಷ ತೊಟ್ಟುಕೊಂಡಿರಿ. ಯಾರೂ ಬೇಸರಪಡುವುದಿಲ್ಲ.

ಬೂಟಿನ ಬಿಗಿತಕ್ಕೂ ಒಂದು ಸಂಖ್ಯೆಯಿದೆ, ಅದನ್ನು ಫ್ಲೆಕ್ಸ್ ಎನ್ನುತ್ತಾರೆ. ಕಲಿಯುವವರಿಗೆ, ಹಗುರ ಮೈಯವರಿಗೆ 60ರಿಂದ 80. ಕೆಂಪು ದಾರಿಗಳಲ್ಲಿ, ಅಂದರೆ ನಡುಮಟ್ಟದ ಕಷ್ಟದವು ಎಂದು ಕೆಂಪು ಗುರುತು ಹಾಕಿದ ಇಳಿಜಾರುಗಳಲ್ಲಿ, ಧೈರ್ಯವಾಗಿ ಇಳಿಯುವವರಿಗೆ 90ರಿಂದ 110. ಒಂದು ಕಂಪನಿಯ 100 ಇನ್ನೊಂದರ 100ಕ್ಕೆ ಸರಿಸಮ ಅಲ್ಲ, ಆದ್ದರಿಂದ ಸಂಖ್ಯೆಗಿಂತ ನಿಮ್ಮ ಮೊಣಕಾಲಿನ ಮಾತು ಕೇಳಿ. ಮುಂದಕ್ಕೆ ಒತ್ತಿದಾಗ ಬೂಟು ಸ್ವಲ್ಪವಾದರೂ ಬಾಗಲೇಬೇಕು.

ನೀವು ಹೋಗುವ ಹಿಮ ಯಾವುದು?

ಹಿಮವೆಂದರೆ ಎಲ್ಲ ಕಡೆಯೂ ಒಂದೇ ಎಂದುಕೊಂಡು ನಾವು ಬರುತ್ತೇವೆ. ಆಲ್ಪ್ಸ್‌ನ ದೊಡ್ಡ ಸ್ಕೀ ಊರುಗಳಲ್ಲಿ ರಾತ್ರಿ ಯಂತ್ರ ಓಡಿಸಿ ದಾರಿಯನ್ನು ಸಮ ಮಾಡಿಟ್ಟಿರುತ್ತಾರೆ. ಬೆಳಿಗ್ಗೆ ಅದು ಗಟ್ಟಿ, ಕೆಲವೆಡೆ ಗಾಜು. ಏಪ್ರಿಲ್ ಮಧ್ಯಾಹ್ನ ಅದೇ ದಾರಿ ನಾಟಿಗೆ ಹದ ಮಾಡಿದ ಗದ್ದೆ. ನ್ಯೂಜೆರ್ಸಿಯಿಂದ ಪೊಕೊನೊ ಬೆಟ್ಟಗಳಿಗೋ ವರ್ಮಾಂಟ್‌ಗೋ ಹೋಗುವ ಕನ್ನಡಿಗರಿಗೆ ಸಿಗುವುದು ಬಹುಪಾಲು ಯಂತ್ರದಿಂದ ಮಾಡಿದ, ಗಡುಸಾದ ಹಿಮ. ಸಿಲಿಕಾನ್ ವ್ಯಾಲಿಯವರು ಹೋಗುವ ಲೇಕ್ ಟಾಹೊ ಸೀಮೆಯಲ್ಲಿ ಬೀಳುವುದು ನೀರು ತುಂಬಿದ ಭಾರದ ಹಿಮ. ಅಲ್ಲಿನವರು ಅದಕ್ಕೆ ಸಿಮೆಂಟ್ ಎಂದೇ ಅಡ್ಡಹೆಸರಿಟ್ಟಿದ್ದಾರೆ. ಗುಲ್ಮಾರ್ಗ್‌ನ ಗೊಂಡೊಲಾದಲ್ಲಿ, ಅಂದರೆ ಅಲ್ಲಿನ ಕೇಬಲ್ ಕಾರಿನಲ್ಲಿ, ಎರಡನೆಯ ಹಂತ ದಾಟಿ ಅಫರ್ವಾತ್ ಬೆಟ್ಟದ ಹೆಗಲಿಗೆ ಮುಟ್ಟಿದರೆ, ಸುಮಾರು 3,900 ಮೀಟರ್ ಎತ್ತರದಲ್ಲಿ, ಮೊಣಕಾಲುದ್ದದ ಸಡಿಲ ಪುಡಿ ಹಿಮ. ಅದೇ ಗುಲ್ಮಾರ್ಗ್‌ನ ಕೆಳಗಿನ ಬಯಲು ಇಳಿಜಾರು ಕಲಿಯುವವರಿಗೆ ಹೇಳಿ ಮಾಡಿಸಿದಂತಿದೆ.

ಈ ವ್ಯತ್ಯಾಸಕ್ಕೆ ಉತ್ತರ ಕೊಡುವುದು ಸ್ಕೀಯ ನಡುವಿನ ಅಗಲ. ಹಲಗೆಯ ಮೇಲೆ 121-74-105 ಎಂಬಂತೆ ಮೂರು ಅಂಕಿಗಳಿರುತ್ತವೆ: ಮುಂತುದಿ, ನಡು, ಹಿಂತುದಿಯ ಅಗಲಗಳು, ಮಿಲಿಮೀಟರಿನಲ್ಲಿ. ನೋಡಬೇಕಾದದ್ದು ಮಧ್ಯದ್ದನ್ನು. ನಡು ಸಪೂರವಾಗಿದ್ದರೆ ಉಕ್ಕಿನ ಅಂಚು ಪಾದದ ಕೆಳಗೇ ಬರುತ್ತದೆ. ಹಲಗೆಯನ್ನು ಓರೆ ಮಾಡಲು ಹೆಚ್ಚು ಬಲ ಬೇಡ, ಗಟ್ಟಿ ಹಿಮದಲ್ಲಿ ಹಿಡಿತ ಬೇಗ ಸಿಗುತ್ತದೆ. ಅಗಲವಾದಷ್ಟೂ ಪುಡಿ ಹಿಮದಲ್ಲಿ ಮುಳುಗದೆ ತೇಲುತ್ತದೆ. ಗಟ್ಟಿ ಹಿಮಕ್ಕೆ ಬಂದಾಗ ಮಾತ್ರ ಅಂಚು ಪಾದದಿಂದ ಹೊರಗೆ ನಿಂತು, ಪ್ರತಿ ತಿರುವಿನಲ್ಲೂ ಮೊಣಕಾಲನ್ನು ತಿರುಚುತ್ತದೆ.

ಸಮ ಮಾಡಿದ ದಾರಿ ಬಿಟ್ಟು ಹೋಗುವವರಲ್ಲದಿದ್ದರೆ 68ರಿಂದ 80 ಮಿ.ಮೀ. ನಡುವಿನದು ಸಾಕು. ದಾರಿಯ ಅಂಚಿನ ಸಡಿಲ ಹಿಮಕ್ಕೂ ಆಗಾಗ ಇಳಿಯುವವರು 80ರಿಂದ 90ರ ಒಳಗೆ ಆರಿಸಲಿ. ಟಾಹೊದಂಥ ಕಡೆ, ಅರ್ಧ ದಿನ ಅಲ್ಲಿ ಅರ್ಧ ದಿನ ಇಲ್ಲಿ ಎನ್ನುವವರಿಗೆ 90ರಿಂದ 100. ಅದಕ್ಕಿಂತ ಅಗಲದ್ದು ಅಫರ್ವಾತ್‌ನಂಥ ಪುಡಿ ಹಿಮಕ್ಕೆ, ಅದೂ ಚೆನ್ನಾಗಿ ಬಲ್ಲವರಿಗೆ. ಒಂದು ಮಾತು ಒತ್ತಿ ಹೇಳುತ್ತೇನೆ: ಗುರುತು ಹಾಕಿದ ದಾರಿಯ ಹೊರಗೆ ಹೋಗುವವರಿಗೆ ಅಗಲದ ಸ್ಕೀ ರಕ್ಷಣೆಯಲ್ಲ. ಹಿಮಕುಸಿತವಾದಾಗ ಹುಡುಕಲು ಬೇಕಾದ ಟ್ರಾನ್ಸೀವರ್ (ರೇಡಿಯೊ ಸಂಕೇತ ಕಳಿಸುವ, ಹಿಡಿಯುವ ಪುಟ್ಟ ಸಾಧನ), ಶೋಧನಾ ಕೋಲು, ಸಲಿಕೆ, ಅವನ್ನು ಬಳಸುವ ಅಭ್ಯಾಸ, ಸ್ಥಳ ಬಲ್ಲ ಗೈಡ್ ಇಲ್ಲದೆ ಅತ್ತ ಹೋಗಲೇಬೇಡಿ.

ಉದ್ದ

ಸ್ಕೀಯನ್ನು ನೆಟ್ಟಗೆ ನಿಲ್ಲಿಸಿ ಪಕ್ಕದಲ್ಲಿ ನಿಂತುಕೊಳ್ಳಿ. ಕಲಿಯುವವರಿಗೆ ಅದರ ತುದಿ ಗಲ್ಲದಿಂದ ಮೂಗಿನ ನಡುವೆ ಬರಬೇಕು; ಎರಡೂ ಹಲಗೆಗಳನ್ನು ಜೊತೆಗಿಟ್ಟು ತಿರುವು ಹಾಕಬಲ್ಲವರಿಗೆ ಮೂಗಿನಿಂದ ಹಣೆಯವರೆಗೆ; ವೇಗವಾಗಿ ಇಳಿಯುವ ಪಳಗಿದವರಿಗೆ ನೆತ್ತಿಯ ಆಸುಪಾಸು. 170 ಸೆಂ.ಮೀ. ಎತ್ತರದ, 70 ಕಿಲೊ ತೂಕದವರಿಗೆ ಇದು ಸುಮಾರಾಗಿ 150-155, 158-165, 168-175 ಎಂದಾಗುತ್ತದೆ.

ಆದರೆ ಎತ್ತರ ಸುಲಭಕ್ಕೆ ಹೇಳುವ ಅಳತೆಯಷ್ಟೇ. ಹಲಗೆಗೆ ನಿಮ್ಮ ಎತ್ತರ ಗೊತ್ತಾಗುವುದಿಲ್ಲ, ತೂಕ ಗೊತ್ತಾಗುತ್ತದೆ. ನೀವು ಒತ್ತಿದಾಗ ಅದು ಬಾಗಬೇಕು, ಬಾಗಿದರೆ ಮಾತ್ರ ತಿರುಗುತ್ತದೆ. ಅದೇ ಎತ್ತರದವರ ತೂಕ 55 ಕಿಲೊ ಇದ್ದರೆ ಐದು ಸೆಂಟಿಮೀಟರ್ ಇಳಿಸಿ, 90 ಇದ್ದರೆ ಐದು ಏರಿಸಿ. ಗಿಡ್ಡ ಸ್ಕೀ ಬೇಗ ತಿರುಗುತ್ತದೆ, ವೇಗ ಹೆಚ್ಚಿದಂತೆ ನಡುಗುತ್ತದೆ. ಉದ್ದನೆಯದು ವೇಗದಲ್ಲಿ ಸ್ಥಿರ, ನಿಧಾನದಲ್ಲಿ ಹಟಮಾರಿ. ಎರಡು ಉದ್ದಗಳ ನಡುವೆ ಮನಸ್ಸು ತೂಗಾಡುತ್ತಿದ್ದರೆ, ಇನ್ನೂ ಕಲಿಯುತ್ತಿರುವವರು ಗಿಡ್ಡದನ್ನೇ ತೆಗೆದುಕೊಳ್ಳಿ.

ಹೆಂಗಸರ ಸ್ಕೀ ಎಂದು ಬೇರೆ ಸಾಲು ಜೋಡಿಸಿರುತ್ತಾರೆ. ಅವು ಸಾಮಾನ್ಯವಾಗಿ ಹಗುರ, ಮೆದು. ಹಗುರ ಮೈಯ ಗಂಡಸರಿಗೂ ಅವು ಚೆನ್ನಾಗಿ ಒಗ್ಗುತ್ತವೆ. ಬಲವಾಗಿ ಇಳಿಯುವ ಹೆಣ್ಣುಮಕ್ಕಳು ಆ ಸಾಲಿಗೆ ಕಟ್ಟುಬೀಳಬೇಕಿಲ್ಲ. ಮಕ್ಕಳ ವಿಷಯದಲ್ಲಿ ಮಾತ್ರ ನಾವು ಶಾಲೆಯ ಸಮವಸ್ತ್ರ ಹೊಲಿಸುವ ಹಾಗೆ ಮಾಡುತ್ತೇವೆ: ಹೇಗೂ ಬೆಳೆಯುತ್ತದಲ್ಲ, ಒಂದಳತೆ ದೊಡ್ಡದಿರಲಿ ಎನ್ನುತ್ತೇವೆ. ದೊಡ್ಡ ಅಂಗಿ ತೊಟ್ಟ ಮಗು ಬೀಳುವುದಿಲ್ಲ, ದೊಡ್ಡ ಸ್ಕೀ ತೊಟ್ಟ ಮಗು ಬೀಳುತ್ತದೆ. ಗಲ್ಲದ ಮಟ್ಟ ಮೀರದಿರಲಿ. ಇಡೀ ಋತುವಿಗೆ ಬಾಡಿಗೆ ಕೊಡುವ ಅಂಗಡಿಗಳು ಹಲವಿವೆ, ಮಕ್ಕಳಿಗೆ ಅದೇ ಸರಿಯಾದ ದಾರಿ.

ತ್ರಿಜ್ಯ, ಬಾಗು, ಬಿಗಿತ

R 14 ಎಂದು ಬರೆದಿರುವುದು ತಿರುವಿನ ತ್ರಿಜ್ಯ. ಇದನ್ನು ಅರ್ಥ ಮಾಡಿಕೊಳ್ಳಲು ಮನೆಯಲ್ಲಿಯೇ ಒಂದು ಪ್ರಯೋಗ ಮಾಡಿ. ದಪ್ಪ ಕಾಗದದ, ಮದುವೆಯ ಆಮಂತ್ರಣ ಪತ್ರಿಕೆಯಾದರೂ ಸರಿ, ಗೇಣುದ್ದದ ಪಟ್ಟಿ ಕತ್ತರಿಸಿ. ಎರಡೂ ಬದಿಯನ್ನು ನಡುವಿನಲ್ಲಿ ಸ್ವಲ್ಪ ಒಳಕ್ಕೆ ಕೊರೆಯಿರಿ. ಈಗ ಅದನ್ನು ಮೇಜಿನ ಮೇಲೆ ಒಂದು ಅಂಚಿನ ಮೇಲೆ ಓರೆಯಾಗಿ ಹಿಡಿದು ನಡುವನ್ನು ಬೆರಳಿನಿಂದ ಒತ್ತಿ. ಅಂಚು ಪೂರ್ತಿ ಮೇಜಿಗೆ ತಾಗುವಂತೆ ಪಟ್ಟಿ ಬಾಗಿ ಒಂದು ಕಮಾನು ಆಗುತ್ತದೆ. ಹೆಚ್ಚು ಓರೆ ಮಾಡಿದಷ್ಟೂ ಕಮಾನು ಬಿಗಿಯಾಗುತ್ತದೆ. ಸ್ಕೀ ತಿರುಗುವುದು ಹೀಗೆಯೇ. ನೀವು ಅದನ್ನು ದೂಡಬೇಕಿಲ್ಲ, ಓರೆ ಮಾಡಿ ಮೈಭಾರ ಬಿಟ್ಟರೆ ಅದೇ ತಿರುಗುತ್ತದೆ. 1990ರ ದಶಕದಲ್ಲಿ ಸ್ಲೊವೇನಿಯಾದ ಎಲಾನ್ ಕಂಪನಿ ಇಂಥ ಆಳವಾದ ನಡುವಿನ ಸ್ಕೀಯನ್ನು ಮಾರುಕಟ್ಟೆಗೆ ತಂದ ಮೇಲೆಯೇ ಎರಡು ಮೀಟರ್ ಉದ್ದದ ನೇರ ಹಲಗೆಗಳ ಕಾಲ ಮುಗಿದದ್ದು.

11ರಿಂದ 13 ಮೀಟರ್ ತ್ರಿಜ್ಯದ್ದು ಚಿಕ್ಕ ಚಿಕ್ಕ ತಿರುವಿಗೆ. 14ರಿಂದ 17 ಹೆಚ್ಚಿನವರಿಗೆ ಒಗ್ಗುತ್ತದೆ. ಅದಕ್ಕೂ ಮೇಲಿನದು ವಿಶಾಲ ಇಳಿಜಾರಿಗೆ, ವೇಗಕ್ಕೆ. ಒಂದೇ ಮಾದರಿಯಲ್ಲಿ ಉದ್ದ ಹೆಚ್ಚಿದಂತೆ ತ್ರಿಜ್ಯವೂ ಹೆಚ್ಚುತ್ತದೆ ಎಂಬುದನ್ನು ನೆನಪಿಡಿ.

ಬಾಗಿನ ವಿಷಯ ಚುಟುಕು. ನೆಲದ ಮೇಲಿಟ್ಟಾಗ ನಡು ಬಿಲ್ಲಿನಂತೆ ಮೇಲೆದ್ದಿದ್ದರೆ ಕ್ಯಾಂಬರ್. ತುದಿಗಳು ಮುಂಚೆಯೇ ಮೇಲಕ್ಕೆ ಬಾಗಿದ್ದರೆ ರಾಕರ್. ಮೊದಲನೆಯದು ಹಿಡಿತ ಕೊಡುತ್ತದೆ, ಎರಡನೆಯದು ತಿರುವನ್ನು ಸುಲಭ ಮಾಡುತ್ತದೆ. ಪಾದದ ಕೆಳಗೆ ಕ್ಯಾಂಬರ್, ಮುಂತುದಿಯಲ್ಲಿ ಸ್ವಲ್ಪ ರಾಕರ್ ಇರುವುದನ್ನು ಕಣ್ಣುಮುಚ್ಚಿ ಆರಿಸಬಹುದು.

ಬಿಗಿತ ಬರುವುದು ಒಳಗಿನ ಮರ ಮತ್ತು ಲೋಹದಿಂದ. ಟೈಟನಾಲ್ ಎಂಬ ಪದರವನ್ನು ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಹೆಸರು ಕೇಳಿ ಟೈಟಾನಿಯಂ ಎಂದುಕೊಳ್ಳಬೇಡಿ, ಅದು ಅಲ್ಯೂಮಿನಿಯಂ ಮಿಶ್ರಲೋಹ. ಎರಡು ಪದರ ಹಾಕಿದ ಸ್ಕೀ ವೇಗದಲ್ಲಿ ಅದುರುವುದಿಲ್ಲ, ನಿಜ. ಹಾಗೆಯೇ ಹಗುರ ಮೈಯವರಿಗೆ, ನಿಧಾನವಾಗಿ ಇಳಿಯುವವರಿಗೆ ಬಾಗುವುದೂ ಇಲ್ಲ. ನನ್ನ ಕೆಂಪು ಸ್ಕೀಯ ಒಳಗೆ ಇದ್ದದ್ದು ಅದೇ.

ಬೈಂಡಿಂಗ್: ಇಲ್ಲಿ ಕೈಹಾಕಬೇಡಿ

ಬೂಟನ್ನು ಹಿಡಿದುಕೊಳ್ಳುವ, ಬಿದ್ದಾಗ ಬಿಟ್ಟುಕೊಡುವ ಭಾಗ ಇದು. ಬಿಟ್ಟುಕೊಡುವ ಕೆಲಸಕ್ಕೇ ಮಹತ್ವ ಹೆಚ್ಚು. ಅದು ತಡವಾದರೆ ಮುರಿಯುವುದು ಕಾಲು. ಎಷ್ಟು ಬಲಕ್ಕೆ ಬಿಡಬೇಕು ಎಂಬುದನ್ನು ಡಿನ್ ಸಂಖ್ಯೆ ಹೇಳುತ್ತದೆ. ನಿಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ತಳದ ಉದ್ದ, ಇಳಿಯುವ ಬಗೆ ಇಷ್ಟನ್ನೂ ಕೇಳಿ ಅಂಗಡಿಯ ತಂತ್ರಜ್ಞರು ಪಟ್ಟಿ ನೋಡಿ ಅದನ್ನು ಕೂರಿಸುತ್ತಾರೆ. 50 ವರ್ಷ ತುಂಬಿದವರಿಗೆ ಸಂಖ್ಯೆ ಒಂದು ಮೆಟ್ಟಿಲು ಇಳಿಯುತ್ತದೆ. ದಾಕ್ಷಿಣ್ಯಕ್ಕೆ ತೂಕ ಕಡಿಮೆ ಹೇಳುವುದು, ಹೆಮ್ಮೆಗೆ ‘ನಾನು ಪಳಗಿದವನು’ ಎನ್ನುವುದು ಎರಡೂ ಅಪಾಯ. ಸ್ನೇಹಿತರ ಸ್ಕ್ರೂಡ್ರೈವರ್‌ಗೆ ಇಲ್ಲಿ ಜಾಗವಿಲ್ಲ. ಬೂಟು ಬದಲಿಸಿದರೆ ಮತ್ತೆ ತೋರಿಸಿ. ತಳದ ಬಗೆಗಳು ಬೇರೆ ಬೇರೆ ಇವೆ, ಎಲ್ಲ ಬೂಟೂ ಎಲ್ಲ ಬೈಂಡಿಂಗ್‌ಗೂ ಕೂರುವುದಿಲ್ಲ.

ಸಮ ದಾರಿಯ ಸ್ಕೀಗಳಲ್ಲಿ ಬಹುಪಾಲು ಬೈಂಡಿಂಗ್ ಜೊತೆಗೇ, ಜಾರುವ ಹಳಿಯ ಮೇಲೆ ಬರುತ್ತವೆ. ಮನೆಯಲ್ಲಿ ಇಬ್ಬರು ಹಂಚಿಕೊಂಡು ಬಳಸುವುದಾದರೆ ಇದು ಅನುಕೂಲ, ಪ್ರತಿ ಸಲ ಅಂಗಡಿಯಲ್ಲಿ ಹೊಂದಿಸಿಕೊಳ್ಳುವುದಾದರೆ.

ಹಳೆಯದನ್ನು ಕೊಳ್ಳುವಾಗ

ಸಂತೆಯಲ್ಲಿ ಕೊಳ್ಳಬೇಡಿ ಎನ್ನುವುದಿಲ್ಲ. ಎರಡು ಮೂರು ವರ್ಷ ಬಳಸಿದ ಒಳ್ಳೆಯ ಜೋಡಿ ಹೊಸದರ ಅರ್ಧ ಬೆಲೆಗೆ ಸಿಗುತ್ತದೆ. ಆದರೆ ನಾನು ಮಾಡಿದ ಹಾಗೆ ಬಣ್ಣ ನೋಡಿ ತರಬೇಡಿ. ಕೈಯಲ್ಲಿ ಹಿಡಿದು ಹೀಗೆ ನೋಡಿ.

ಎರಡೂ ಹಲಗೆಗಳ ತಳ ಒಂದಕ್ಕೊಂದು ಮುಖ ಮಾಡುವಂತೆ ಜೋಡಿಸಿ ನಿಲ್ಲಿಸಿ. ನಡುವಿನಲ್ಲಿ ಸಂದು ಕಾಣಬೇಕು; ಎರಡು ಕೈಯಲ್ಲಿ ಹಿಚುಕಿದರೆ ಸಂದು ಮುಚ್ಚಿ, ಬಿಟ್ಟ ಕೂಡಲೇ ತೆರೆದುಕೊಳ್ಳಬೇಕು. ಕ್ಯಾಂಬರ್ ಇರಬೇಕಾದ ಸ್ಕೀಯಲ್ಲಿ ಆ ಸಂದೇ ಇಲ್ಲದಿದ್ದರೆ ಮರದ ಕಸುವು ಮುಗಿದಿದೆ. ಆಮೇಲೆ ಬೆಳಕಿಗೆ ಹಿಡಿದು ಉಕ್ಕಿನ ಅಂಚಿನ ದಪ್ಪ ನೋಡಿ. ಹರಿತ ಮಾಡುವಾಗಲೆಲ್ಲ ಅದು ಸವೆಯುತ್ತದೆ. ಪಾದದ ಕೆಳಗೆ ದಾರದಷ್ಟು ತೆಳುವಾಗಿದ್ದರೆ ಇನ್ನು ಉಜ್ಜಲು ಉಳಿದಿಲ್ಲ. ಕುಡುಗೋಲಿನ ಹರಿತ ನೋಡುವ ಹಾಗೆ ಉಗುರನ್ನು ಅಂಚಿಗೆ ಅಡ್ಡವಾಗಿ ಎಳೆಯಿರಿ: ಉಗುರಿನ ಹುಡಿ ಬಂದರೆ ಹರಿತವಿದೆ. ಬೆರಳನ್ನು ಅಂಚಿನ ಉದ್ದಕ್ಕೆ ಓಡಿಸಬೇಡಿ, ಕೊಯ್ಯುತ್ತದೆ. ಮೇಲಿನ ತುಕ್ಕಿಗೆ ಹೆದರಬೇಡಿ, ಉಜ್ಜಿದರೆ ಹೋಗುತ್ತದೆ. ತಳದ ಗೀರುಗಳನ್ನು ತುಂಬಿಸಬಹುದು. ಆದರೆ ಗೀರಿನಾಳದಲ್ಲಿ ಮರ ಕಂಡರೆ, ಪದರಗಳು ಬಿಟ್ಟುಕೊಂಡು ನೀರು ಒಳಗೆ ಹೋಗಿದ್ದರೆ, ಬೈಂಡಿಂಗ್ ಕೆಳಗೆ ಹಳೆಯ ತೂತುಗಳ ಎರಡು ಮೂರು ಸಾಲು ಇದ್ದರೆ ಅಲ್ಲಿಯೇ ಬಿಟ್ಟು ಬನ್ನಿ. ಬೈಂಡಿಂಗ್ ತೀರ ಹಳೆಯದಾಗಿದ್ದರೆ ಅಂಗಡಿಯವರು ಅದನ್ನು ಹೊಂದಿಸಿಕೊಡಲು ಒಪ್ಪುವುದಿಲ್ಲ. ಅಗ್ಗಕ್ಕೆ ತಂದ ಜೋಡಿಗೆ ಹೊಸ ಬೈಂಡಿಂಗ್ ಹಾಕಿಸಿದರೆ ಲೆಕ್ಕವೇ ತಲೆಕೆಳಗು.

ಕೊನೆಗೆ, ಒಂದೇ ಬೆಟ್ಟದಲ್ಲಿ ಮೂರು ಜೋಡಿ

ಹೆಸರಾಂತ ಕಂಪನಿಗಳೆಲ್ಲ ಒಳ್ಳೆಯ ಸ್ಕೀ ಮಾಡುತ್ತವೆ. ಆಟೊಮಿಕ್, ಫಿಶರ್, ಹೆಡ್, ರೊಸಿನ್ಯೋಲ್, ಸಾಲೊಮನ್, ಫೋಲ್ಕ್ಲ್, ಇವುಗಳಲ್ಲಿ ಯಾವುದು ಮೇಲು ಎಂದು ಕೇಳಿದರೆ ನಾನು ಉತ್ತರಿಸುವುದಿಲ್ಲ. ಎಲ್ಲರಲ್ಲೂ ಕಲಿಯುವವರಿಗೆ, ನಡುಮಟ್ಟದವರಿಗೆ, ಪಳಗಿದವರಿಗೆ ಬೇರೆ ಬೇರೆ ಸಾಲುಗಳಿವೆ. ನಿಮ್ಮ ಸಾಲು ಗೊತ್ತಾದ ಮೇಲೆ ಮೂರು ಮಾದರಿ ಗುರುತು ಮಾಡಿಕೊಂಡು, ಬೆಟ್ಟದ ಬುಡದ ಅಂಗಡಿಯಿಂದ ಒಂದೇ ದಿನ ಮೂರನ್ನೂ ತೊಟ್ಟು ನೋಡಿ. ಒಂದೇ ದಾರಿ, ಪ್ರತಿ ಜೋಡಿಗೂ ಎರಡು ಸುತ್ತು. ಮೊದಲ ಸುತ್ತು ಕಾಲಿಗೆ ಹೊಸದು, ಎರಡನೆಯದರಲ್ಲಿ ತೀರ್ಮಾನ. ಚಿಕ್ಕ ತಿರುವು, ದೊಡ್ಡ ತಿರುವು, ಗಟ್ಟಿ ಹಿಮದ ಮೇಲೆ ಥಟ್ಟನೆ ನಿಲ್ಲುವುದು, ಇಷ್ಟನ್ನೂ ಮಾಡಿ. ಇಲ್ಲಿ ಕೆಲವು ಅಂಗಡಿಗಳು ಆ ದಿನದ ಬಾಡಿಗೆಯನ್ನು ಕೊಳ್ಳುವಾಗ ಬೆಲೆಯಲ್ಲಿ ಕಳೆದುಕೊಳ್ಳುತ್ತವೆ, ಮುಂಚೆಯೇ ಕೇಳಿ. ಮಾರ್ಚ್ ಕೊನೆಯಲ್ಲಿ ಕೊಂಡರೆ ಅದೇ ಸ್ಕೀ ಅಗ್ಗ.

ಮನೆಗೆ ತಂದ ಮೇಲೆ ಒಂದು ಅಭ್ಯಾಸ ಇಟ್ಟುಕೊಳ್ಳಿ. ಬೆಟ್ಟದಿಂದ ಬಂದ ಸಂಜೆ ಎಷ್ಟೇ ದಣಿವಿರಲಿ, ಸ್ಕೀಯನ್ನು ಚೀಲದಿಂದ ಹೊರಗೆ ತೆಗೆದು ಅಂಚುಗಳನ್ನು ಒಣ ಬಟ್ಟೆಯಲ್ಲಿ ಒರೆಸಿ ಗೋಡೆಗೆ ಒರಗಿಸಿಡಿ. ಒದ್ದೆ ಚೀಲದಲ್ಲಿ ಒಂದು ರಾತ್ರಿ ಉಳಿದರೆ ಸಾಕು, ಬೆಳಿಗ್ಗೆ ಅಂಚಿನುದ್ದಕ್ಕೂ ಕೆಂಗಂದು ಗೆರೆ ಮೂಡಿರುತ್ತದೆ. ಋತು ಮುಗಿದಾಗ ತಳಕ್ಕೂ ಅಂಚಿಗೂ ಮೇಣ ಕಾಯಿಸಿ ಬಳಿದು, ಹೆರೆಯದೆ ಹಾಗೆಯೇ ಬಿಟ್ಟು, ಬಿಸಿಲು ಬೀಳದ ಒಣ ಜಾಗದಲ್ಲಿ ನಿಲ್ಲಿಸಿ. ಡಿಸೆಂಬರ್‌ನಲ್ಲಿ ಮೇಣ ಹೆರೆದು, ಬೈಂಡಿಂಗನ್ನು ಒಮ್ಮೆ ಅಂಗಡಿಯಲ್ಲಿ ತೋರಿಸಿಕೊಂಡು ಹೊರಡಬಹುದು.